ಸೀರಿಯಲ್ ಕನ್ಸೋಲ್ ಎಂದರೇನು?

ರೂಟರ್, ಸೆಟ್‌ಟಾಪ್ ಬಾಕ್ಸ್, ಕಾರ್ಖಾನೆಯ ಯಂತ್ರ, ಇವುಗಳೊಳಗೆಲ್ಲ ಒಂದೊಂದು ಪುಟ್ಟ ಕಂಪ್ಯೂಟರ್ ಕೂತಿರುತ್ತದೆ. ಎಂಬೆಡೆಡ್ ಕಂಪ್ಯೂಟರ್ ಅನ್ನುವುದು ಇದಕ್ಕೇ. ಹೆಚ್ಚಿನವಕ್ಕೆ ಮಾನಿಟರ್, ಕೀಬೋರ್ಡ್ ಇರುವುದಿಲ್ಲ. ನೆಟ್‌ವರ್ಕ್ ಮೂಲಕ ಲಾಗಿನ್ ಆಗಬಹುದಲ್ವಾ ಅಂದರೆ, ಅದಕ್ಕೆ ಮೊದಲು ಬೂಟ್, ಅಂದರೆ ಆನ್ ಮಾಡಿದ ಮೇಲೆ ಕಂಪ್ಯೂಟರ್ ಸಿದ್ಧವಾಗುವ ಕೆಲಸ, ಪೂರ್ತಿ ಆಗಿರಬೇಕು. ಅರ್ಧಕ್ಕೇ ನಿಂತರೆ ಸೀರಿಯಲ್ ಕನ್ಸೋಲೇ ಗತಿ.

ಕಂಪ್ಯೂಟರ್ ತನ್ನ ಸಂದೇಶ ತೋರಿಸುವ, ನಮ್ಮ ಕಮಾಂಡ್ ತೆಗೆದುಕೊಳ್ಳುವ ಜಾಗ ಕನ್ಸೋಲ್. ಆ ಕೆಲಸವನ್ನು, ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಲಾಗಿ ಕಳಿಸುವ ಸೀರಿಯಲ್ ಪೋರ್ಟಿಗೆ ವಹಿಸಿದರೆ ಅದು ಸೀರಿಯಲ್ ಕನ್ಸೋಲ್. ಹಿಂದೆ ತಂತಿಯ ಈಚೆ ತುದಿಯಲ್ಲಿ ಟೆಲಿಟೈಪ್ ಎಂಬ, ಬಂದದ್ದನ್ನು ಕಾಗದದ ಮೇಲೆ ಅಚ್ಚೊತ್ತುವ ಯಂತ್ರ ಇರುತ್ತಿತ್ತು, ಆಮೇಲೆ 1978ರ ವಿಟಿ100 ಥರದ, ಪರದೆ-ಕೀಬೋರ್ಡ್ ಇರುವ ಟರ್ಮಿನಲ್‌ಗಳು ಬಂದವು. ಈಗ ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ ಕೆಲಸ ಮಾಡುವ ಪುಟ್ಟಿಯೋ ಮಿನಿಕಾಮೋ ಎಂಬ ತಂತ್ರಾಂಶ ತೆರೆದರೆ ಸಾಕು.

ಬೋರ್ಡ್ ಮೇಲೆ ಬೇಕಾದ್ದು ಮೂರೇ ಪಿನ್: ಟಿಎಕ್ಸ್ (ಕಳಿಸಲು), ಆರ್‌ಎಕ್ಸ್ (ಪಡೆಯಲು), ಗ್ರೌಂಡ್. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಬೇಕು. ಮಧ್ಯೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್. ಇಲ್ಲಿ ಸ್ವಲ್ಪ ಹುಷಾರು: ಈಗಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 3.3 ವೋಲ್ಟ್, ಕೆಲವದರಲ್ಲಿ 1.8. ಹಳೆಯ ಕಂಪ್ಯೂಟರ್‌ಗಳ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟ್ ಪ್ಲಸ್ ಮೈನಸ್ 15 ವೋಲ್ಟ್‌ವರೆಗೂ ಹೋಗಬಹುದು. ಅದನ್ನು ನೇರ ಸಿಕ್ಕಿಸಿದರೆ ಚಿಪ್ ಸುಟ್ಟೀತು.

ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಎಂಟು ಡೇಟಾ ಬಿಟ್, ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಇಲ್ಲ, ಅಕ್ಷರದ ಕೊನೆ ಸೂಚಿಸಲು ಒಂದು ಸ್ಟಾಪ್ ಬಿಟ್. ಸ್ಟಾರ್ಟ್ ಬಿಟ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್ ಖರ್ಚು. ಅಂದರೆ ಸೆಕೆಂಡಿಗೆ 11520 ಅಕ್ಷರ, ಓದುವ ಕಣ್ಣಿಗೆ ಧಾರಾಳವಾಯ್ತು. ಎರಡೂ ಕಡೆ ವೇಗ ಹೊಂದದಿದ್ದರೆ ಪರದೆ ತುಂಬ ಚಿತ್ರವಿಚಿತ್ರ ಅಕ್ಷರ. ಸಂದೇಶ ಸರಿಯಾಗಿ ಬರುತ್ತಿದೆ, ಆದರೆ ಟೈಪ್ ಮಾಡಿದ್ದು ಆಚೆ ಹೋಗುತ್ತಿಲ್ಲವೇ? ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ತಂತಿಗಳ ಮೂಲಕ ‘ತಡೆ, ಕಳಿಸು’ ಎಂದು ಹೇಳುವ ವ್ಯವಸ್ಥೆ) ಆನ್ ಆಗಿದೆಯಾ ನೋಡಿ. ಮೂರು ತಂತಿಯ ಜೋಡಣೆಯಲ್ಲಿ ಅದು ಆಫ್ ಇರಬೇಕು. ಎಷ್ಟೋ ಜನ ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ.

ಇಷ್ಟು ಹಳೆಯ ವಿಧಾನ ಇನ್ನೂ ಉಳಿದಿರುವುದೇಕೆ? ಮಾನಿಟರ್‌ನಲ್ಲಿ ಚಿತ್ರ ಮೂಡಲು ಮೆಮೊರಿ, ಡಿಸ್‌ಪ್ಲೇ ಡ್ರೈವರ್ ಎಲ್ಲ ಸಿದ್ಧವಾಗಬೇಕು. ಸೀರಿಯಲ್ ಪೋರ್ಟಿಗೆ ಕೆಲವೇ ರಿಜಿಸ್ಟರ್ (ಚಿಪ್‌ನೊಳಗಿನ ಸೆಟ್ಟಿಂಗ್ ಜಾಗಗಳು) ತುಂಬಿದರೆ ಆಯ್ತು. ಹಾಗಾಗಿ ಎಷ್ಟೋ ಬೋರ್ಡ್‌ಗಳಲ್ಲಿ ಮುಖ್ಯ ಮೆಮೊರಿ ಏಳುವ ಮೊದಲೇ ಇಲ್ಲಿ ಒಂದು ಸಾಲು ಬಂದುಬಿಡುತ್ತದೆ. ಮುಂದೆ ಯು-ಬೂಟ್ ಥರದ ಬೂಟ್‌ಲೋಡರ್, ಅಂದರೆ ಆಪರೇಟಿಂಗ್ ಸಿಸ್ಟಮ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಸೆಕೆಂಡುಗಳ ಎಣಿಕೆ ಶುರುಮಾಡುತ್ತದೆ. ಅಷ್ಟರಲ್ಲಿ ಒಂದು ಕೀ ಒತ್ತಿದರೆ ಬೂಟ್ ನಿಲ್ಲುತ್ತದೆ, ಬೇರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹಾಕಿ ನೋಡಬಹುದು. ಆಮೇಲೆ ಕರ್ನಲ್ ಸಂದೇಶ, ಕೊನೆಗೆ ಲಾಗಿನ್. ಕರ್ನಲ್ ಕುಸಿದರೆ ಅದರ ಕೊನೆಯ ಸಾಲುಗಳು ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತವೆ. ದೋಷ ಹುಡುಕುವವರಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಈ ಬಾಗಿಲು ಕಳ್ಳರಿಗೂ ತೆರೆದೀತು. ಪೆಟ್ಟಿಗೆ ಬಿಚ್ಚಿ ಮೂರು ತಂತಿ ಸಿಕ್ಕಿಸಿದವರಿಗೆ ಪಾಸ್‌ವರ್ಡ್ ಇಲ್ಲದೆ ರೂಟ್ ಶೆಲ್ (ಏನು ಬೇಕಾದರೂ ಮಾಡಬಲ್ಲ ಕಮಾಂಡ್ ಜಾಗ) ಸಿಕ್ಕಿಬಿಡುವ ಸಾಧನಗಳೂ ಇವೆ. ಮಾರಾಟಕ್ಕೆ ಹೋಗುವ ಮೊದಲು ಲಾಗಿನ್‌ಗೆ ಪಾಸ್‌ವರ್ಡ್ ಇಟ್ಟರಷ್ಟೇ ಸಾಲದು, ಬೂಟ್‌ಲೋಡರ್‌ಗೂ ಬೀಗ ಹಾಕಬೇಕು.