ಖಾಲಿ ಕುರ್ಚಿ, ದುಬಾರಿ ಟಿಕೆಟ್: ಜೂನಿಯರ್ ಹಾಕಿ ಟೂರ್ನಿಯ ಮೂಲಕ ಬೇಡಿಕೆಯ ಸ್ಥಿತಿಸ್ಥಾಪಕತ್ವ

ಸೂಕ್ಷ್ಮ ಅರ್ಥಶಾಸ್ತ್ರದ ಪತ್ರಿಕೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಧಾರವಾಡದ ಸಪ್ತಾಪುರದ ವಾಚನಾಲಯಗಳಲ್ಲಿ ಕುಳಿತಿರುವ ನಾವೆಲ್ಲ ಸ್ಥಿತಿಸ್ಥಾಪಕತ್ವದ (ಬೆಲೆ ಶೇಕಡಾ ಒಂದು ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬ ಅಳತೆಯ) ಅಧ್ಯಾಯವನ್ನು ಉಪ್ಪು, ಚಿನ್ನ, ಕಾರುಗಳ ಉದಾಹರಣೆಯಲ್ಲೇ ಮುಗಿಸಿಬಿಡುತ್ತೇವೆ. ಉಪ್ಪಿನದು ಕಡಿಮೆ, ಕಾರಿನದು ಹೆಚ್ಚು ಎಂದು ಬರೆದರೆ ಅರ್ಧ ಅಂಕ ಗ್ಯಾರಂಟಿ. ಆದರೆ ಒಂದು ಪ್ರಕರಣ ಕೊಟ್ಟು ‘ಇಲ್ಲಿ ಬೆಲೆ ಇಳಿಸಬೇಕೇ, ಬೇಡವೇ?’ ಎಂದು ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಈ ಟಿಪ್ಪಣಿ ಅಂತಹ ಒಂದು ಪ್ರಕರಣದ್ದು. ಸ್ಥಿತಿಸ್ಥಾಪಕತ್ವದ ವಿಸ್ತಾರವಾದ ವ್ಯಾಖ್ಯೆ, ಐದು ವಿಧ, ಅವುಗಳ ಚಿತ್ರ ಎಲ್ಲರ ನೋಟ್‌ಬುಕ್‌ನಲ್ಲೂ ಇರುತ್ತವೆ, ಅವನ್ನು ಬಿಟ್ಟಿದ್ದೇನೆ.

ಪ್ರಕರಣ ವಿಶ್ವ ಜೂನಿಯರ್ ಐಸ್ ಹಾಕಿ ಚಾಂಪಿಯನ್‌ಷಿಪ್‌ನದು. ಗದಗ-ಬೆಟಗೇರಿಯ ಕಡೆಯವನಾದ ನನಗೆ ಗೊತ್ತಿರುವ ಹಾಕಿ ಮೈದಾನದ್ದು, ಇದು ಮಂಜುಗಡ್ಡೆಯ ಮೇಲಿನದು. 20 ವರ್ಷದೊಳಗಿನವರ 10 ತಂಡಗಳು ಡಿಸೆಂಬರ್ 26ರಿಂದ ಜನವರಿ 5ರವರೆಗೆ ಆಡುತ್ತವೆ. ಕೆನಡಾದಲ್ಲಿ ಇದು ಕ್ರಿಸ್‌ಮಸ್ ರಜೆಯ ಟಿವಿ ಹಬ್ಬ. ಟೂರ್ನಿ ಹೆಚ್ಚು ಸಲ ನಡೆಯುವುದೂ ಅಲ್ಲಿಯೇ. 2015 ಮತ್ತು 2017ರಲ್ಲಿ ಟೊರಾಂಟೊ ಮತ್ತು ಮಾಂಟ್ರಿಯಲ್ ನಗರಗಳು ಜೊತೆಯಾಗಿ ಆತಿಥ್ಯ ವಹಿಸಿದವು. 2015ರಲ್ಲಿ ಕೆನಡಾದ ಲೀಗ್ ಪಂದ್ಯಗಳು ಮಾಂಟ್ರಿಯಲ್‌ನಲ್ಲಿ ನಡೆದು ಫೈನಲ್ ಟೊರಾಂಟೊದಲ್ಲಿ ನಡೆಯಿತು, 2017ರಲ್ಲಿ ಇದು ತಿರುವುಮುರುವಾಯಿತು. ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ 21 ಸಾವಿರಕ್ಕೂ ಹೆಚ್ಚು ಆಸನಗಳಿವೆ. ಐಸ್ ಹಾಕಿಯ ತವರಿನಲ್ಲೇ ಅಲ್ಲಿನ ಪಂದ್ಯಗಳಿಗೆ ಸಾಲುಸಾಲು ಕುರ್ಚಿಗಳು ಖಾಲಿ ಕಂಡವು. ‘ಟಿಕೆಟ್ ದುಬಾರಿ, ಅದಕ್ಕೇ ಜನ ಬರಲಿಲ್ಲ’ ಎಂಬುದು ಎಲ್ಲರ ಬಾಯಲ್ಲಿ ಬಂದ ಟೀಕೆ.

ಈ ಟೀಕೆ ಸರಿಯೇ ಎಂಬುದೇ ನಮ್ಮ ಪ್ರಶ್ನೆ. ಕುರ್ಚಿ ಖಾಲಿ ಇದೆ ಎಂದ ಮಾತ್ರಕ್ಕೆ ಬೆಲೆ ತಪ್ಪಾಗಿದೆ ಎಂದು ಅರ್ಥಶಾಸ್ತ್ರ ಒಪ್ಪುವುದಿಲ್ಲ.

ಖಾಲಿ ಕುರ್ಚಿ ಇದ್ದರೂ ಬೆಲೆ ಏಕೆ ಇಳಿಸುವುದಿಲ್ಲ

ಈ ಅಧ್ಯಾಯದಲ್ಲಿ ತಲೆ ಕೆಡಿಸುವ ಜಾಗ ಇದೊಂದೇ, ಆದ್ದರಿಂದ ನಿಧಾನವಾಗಿ ನೋಡೋಣ.

ಮೊದಲು ವೆಚ್ಚದ ಕಡೆ. ಮಂಜುಗಡ್ಡೆ ಹಾಕುವುದು, ಕ್ರೀಡಾಂಗಣದ ಬಾಡಿಗೆ, ತಂಡಗಳ ವಸತಿ ಎಲ್ಲವೂ ಸ್ಥಿರ ವೆಚ್ಚ. ಇನ್ನೊಬ್ಬ ಪ್ರೇಕ್ಷಕ ಒಳಗೆ ಬಂದು ಕುಳಿತರೆ ಹೆಚ್ಚುವರಿ ಖರ್ಚು ಹತ್ತಿರ ಹತ್ತಿರ ಸೊನ್ನೆ. ಈ ಹೆಚ್ಚುವರಿ ಖರ್ಚೇ ಸೀಮಾಂತ ವೆಚ್ಚ. ಅದು ಸೊನ್ನೆಯಾದರೆ ಲಾಭ ಗರಿಷ್ಠವಾಗುವುದು ಸೀಮಾಂತ ಆದಾಯ (ಇನ್ನೊಂದು ಟಿಕೆಟ್ ಮಾರಿದಾಗ ಒಟ್ಟು ಆದಾಯಕ್ಕೆ ಸೇರುವ ಹಣ) ಸೊನ್ನೆಯಾಗುವಲ್ಲಿ, ಅಂದರೆ ಒಟ್ಟು ಆದಾಯ ಗರಿಷ್ಠವಾಗುವಲ್ಲಿ. ಸಾಮಾನ್ಯ ಬುದ್ಧಿ ಇಲ್ಲಿ ಅಡ್ಡ ಬರುತ್ತದೆ: ‘ಖರ್ಚು ಇಲ್ಲವೆಂದ ಮೇಲೆ 10 ಡಾಲರ್‌ಗಾದರೂ ಮಾರಲಿ, ಬಂದದ್ದೇ ಲಾಭ’. ಬಸ್ ಹೊರಡುವ ಹೊತ್ತಿಗೆ ಉಳಿದ ಒಂದು ಸೀಟಿಗೆ ಈ ಮಾತು ಸರಿ. ಆದರೆ ಎಲ್ಲರಿಗೂ ಒಂದೇ ಬೆಲೆ ಹೇಳುವ ಕಡೆ ಸರಿಯಲ್ಲ.

ಲೆಕ್ಕ ಹಾಕಿ ನೋಡಿ. ಅಂಕಿಗಳು ಕಲಿಕೆಗಾಗಿ ನಾನು ಹಾಕಿಕೊಂಡವು, ನಿಜವಾದ ಮಾರಾಟದವಲ್ಲ. 20,000 ಆಸನಗಳ ಕ್ರೀಡಾಂಗಣ, ಬೇಡಿಕೆ ರೇಖೆ: ಪ್ರೇಕ್ಷಕರು = 20,000 − 100 × ಬೆಲೆ. ಬೆಲೆ ಸೊನ್ನೆಯಾದರೆ ಕ್ರೀಡಾಂಗಣ ಭರ್ತಿ, 200 ಡಾಲರ್ ಆದರೆ ಒಬ್ಬರೂ ಇಲ್ಲ.

ಬೆಲೆ 150 ಇದ್ದಾಗ 5,000 ಜನ, ಆದಾಯ 7.5 ಲಕ್ಷ ಡಾಲರ್. 140ಕ್ಕೆ ಇಳಿಸಿದರೆ 6,000 ಜನ, 8.4 ಲಕ್ಷ. ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದಿವೆ. ಹೊಸದಾಗಿ ಬಂದ 1,000 ಜನ ತಲಾ 140ರಂತೆ 1,40,000 ತಂದರು. 150 ಕೊಡಲು ಸಿದ್ಧರಿದ್ದ ಹಳೆಯ 5,000 ಜನರಿಗೆ ತಲಾ 10 ಡಾಲರ್ ಬಿಟ್ಟುಕೊಟ್ಟದ್ದರಿಂದ 50,000 ಹೋಯಿತು. ನಿವ್ವಳ 90,000 ಲಾಭ.

ಈಗ 100ರಿಂದ 90ಕ್ಕೆ ಇಳಿಸಿ. 10,000 ಜನರಿದ್ದಲ್ಲಿ 11,000 ಜನ. ಹೊಸ 1,000 ಜನರಿಂದ 90,000 ಬಂತು. ಹಳೆಯ 10,000 ಜನರ ಮೇಲೆ ತಲಾ 10ರಂತೆ 1,00,000 ಹೋಯಿತು. ನಿವ್ವಳ 10,000 ನಷ್ಟ. ಕ್ರೀಡಾಂಗಣ ಮೊದಲಿಗಿಂತ ಹೆಚ್ಚು ತುಂಬಿದೆ, ಗಲ್ಲಾಪೆಟ್ಟಿಗೆ ಮೊದಲಿಗಿಂತ ಹಗುರವಾಗಿದೆ!

ಬೇಡಿಕೆ ರೇಖೆ ಕೆಳಮುಖವಾಗಿದ್ದು ಎಲ್ಲರಿಗೂ ಒಂದೇ ಬೆಲೆಯಾದರೆ ಸೀಮಾಂತ ಆದಾಯ ಬೆಲೆಗಿಂತ ಕಡಿಮೆ ಎಂದು ಪುಸ್ತಕ ಹೇಳುವುದು ಈ ಕಾರಣಕ್ಕೆ. ಹಳೆಯ ಗಿರಾಕಿಗಳಿಗೆ ಬಿಟ್ಟುಕೊಟ್ಟ ಹಣವನ್ನು ಕಳೆಯಲೇಬೇಕು. ರೇಖೆಯ ಮೇಲಿನ ಭಾಗದಲ್ಲಿ ಹಳೆಯ ಗಿರಾಕಿಗಳು ಕಡಿಮೆ, ಬಿಟ್ಟುಕೊಡುವುದೂ ಕಡಿಮೆ. ಕೆಳಗೆ ಬಂದಂತೆ ಅವರ ಸಂಖ್ಯೆ ಬೆಳೆಯುತ್ತದೆ, ಬಿಟ್ಟುಕೊಡುವ ಮೊತ್ತವೂ ಬೆಳೆಯುತ್ತದೆ. ಹೊಸಬರಿಂದ ಬರುವುದೂ ಹಳಬರಿಗೆ ಬಿಟ್ಟುಕೊಡುವುದೂ ಸಮನಾಗುವ ಬಿಂದು 100 ಡಾಲರ್. ಅಲ್ಲಿ ಆದಾಯ 10 ಲಕ್ಷ, ಅದಕ್ಕಿಂತ ಹೆಚ್ಚು ಎಲ್ಲಿಯೂ ಇಲ್ಲ. ಮತ್ತು ಅಲ್ಲಿ ಕ್ರೀಡಾಂಗಣ ಅರ್ಧ ಖಾಲಿ! ಟಿವಿಯಲ್ಲಿ ನೋಡಿದವರು ಆಯೋಜಕರನ್ನು ದಡ್ಡರೆನ್ನುತ್ತಾರೆ, ಲೆಕ್ಕಪತ್ರ ಬರೆಯುವವನು ಸುಮ್ಮನೆ ನಗುತ್ತಾನೆ.

ಆಧಾರ ಯಾವುದು ಎಂಬ ಕಿರಿಕಿರಿ

ಮೇಲಿನ 100 → 90 ಲೆಕ್ಕವನ್ನೇ ಶೇಕಡಾವಾರು ಮಾಡಿ. ಬೆಲೆ ಶೇ 10 ಇಳಿಯಿತು, ಪ್ರೇಕ್ಷಕರು ಶೇ 10 ಏರಿದರು. ಸ್ಥಿತಿಸ್ಥಾಪಕತ್ವ ಸರಿಯಾಗಿ 1. ಒಂದಾದರೆ ಒಟ್ಟು ಆದಾಯ ಬದಲಾಗಬಾರದು ಎಂಬುದು ಬಾಯಿಪಾಠ. ಆದರೆ 10,000 ಕಡಿಮೆಯಾಗಿದೆಯಲ್ಲ! ನಿಯಮ ಸುಳ್ಳಲ್ಲ. ಹಳೆಯ ಅಂಕಿಯನ್ನು ಆಧಾರವಾಗಿ ಹಿಡಿದ ಶೇಕಡಾ ಲೆಕ್ಕ ದೊಡ್ಡ ಬದಲಾವಣೆಗಳಿಗೆ ಒಗ್ಗುವುದಿಲ್ಲ. ಹಳೆಯ, ಹೊಸ ಅಂಕಿಗಳ ಸರಾಸರಿಯನ್ನು ಆಧಾರವಾಗಿ ಹಿಡಿಯುವ ಕಂಸ (arc) ಸ್ಥಿತಿಸ್ಥಾಪಕತ್ವ ಬಳಸಿ: 1,000 ÷ 10,500 ಅಂದರೆ ಶೇ 9.52, 10 ÷ 95 ಅಂದರೆ ಶೇ 10.53. ಭಾಗಿಸಿದರೆ 0.905. ಒಂದಕ್ಕಿಂತ ಕಡಿಮೆ, ಆದ್ದರಿಂದ ಬೆಲೆ ಇಳಿದಾಗ ಆದಾಯ ಇಳಿಯಿತು. ಲೆಕ್ಕ ಕೂಡಿತು. ಪ್ರಶ್ನೆಯಲ್ಲಿ ಎರಡು ಬೆಲೆ ಮತ್ತು ಎರಡು ಪ್ರಮಾಣ ಕೊಟ್ಟಿದ್ದರೆ ಕಣ್ಣುಮುಚ್ಚಿ ಕಂಸದ ಸೂತ್ರ ಹಾಕಿ.

ಇಳಿಜಾರು ಮತ್ತು ಸ್ಥಿತಿಸ್ಥಾಪಕತ್ವ ಒಂದೇ ಅಲ್ಲ ಎಂಬುದಕ್ಕೂ ಇದೇ ರೇಖೆ ಸಾಕು. ಇಳಿಜಾರು ಎಲ್ಲ ಕಡೆ ಒಂದೇ, ಆದರೆ ಬಿಂದು ಸ್ಥಿತಿಸ್ಥಾಪಕತ್ವ (ಒಂದು ಬೆಲೆಯ ಬಳಿ ತೀರ ಸಣ್ಣ ಬದಲಾವಣೆಗೆ ಹಾಕಿದ ಲೆಕ್ಕ) 150ರಲ್ಲಿ 3, 100ರಲ್ಲಿ 1, 50ರಲ್ಲಿ 0.33.

ನನ್ನ ಮೆಚ್ಚಿನ ಅಡ್ಡದಾರಿ

ರೇಖೆ ನೇರವಾಗಿದ್ದರೆ ಆದಾಯ ಗರಿಷ್ಠವಾಗುವ ಬೆಲೆ, ಯಾರೂ ಕೊಳ್ಳದ ಬೆಲೆಯ ಅರ್ಧ. 200ರ ಅರ್ಧ 100. ಅವಕಲನ ಬೇಡ, ಕೋಷ್ಟಕ ಬೇಡ. ಯಾರೂ ಕೊಳ್ಳದ ಬೆಲೆಯನ್ನು ‘ತಡೆ ಬೆಲೆ’ ಎಂದು ಕರೆದುಕೊಳ್ಳೋಣ.

ಇದರ ಮುಂದಿನ ಹೆಜ್ಜೆ ಇನ್ನೂ ಸೊಗಸು. ಒಳಗೆ ಬಂದವರು ಟಿಕೆಟ್ ಮಾತ್ರ ಕೊಳ್ಳುವುದಿಲ್ಲ. ತಿಂಡಿ, ಪಾನೀಯ, ಜರ್ಸಿ, ಪಾರ್ಕಿಂಗ್ ಎಂದು ಖರ್ಚು ಮಾಡುತ್ತಾರೆ. ಒಬ್ಬೊಬ್ಬರಿಂದ ಈ ಬಗೆಯಲ್ಲಿ ಉಳಿಯುವ ಲಾಭ 20 ಡಾಲರ್ ಎಂದುಕೊಳ್ಳಿ. ಆಗ ಸರಿಯಾದ ಬೆಲೆ (200 − 20) ÷ 2 = 90. ತಾಳೆ ನೋಡಿ: 90ರಲ್ಲಿ ಟಿಕೆಟ್‌ನಿಂದ 9.9 ಲಕ್ಷ, ಒಳಗಿನ ಮಾರಾಟದಿಂದ 2.2 ಲಕ್ಷ, ಒಟ್ಟು 12.1 ಲಕ್ಷ. 100ರಲ್ಲೇ ನಿಂತಿದ್ದರೆ 10 + 2 = 12 ಲಕ್ಷ. ತಲಾ ಲಾಭ 40 ಆದರೆ ಬೆಲೆ 80. ಒಳಗಿನ ಲಾಭದ ಅರ್ಧದಷ್ಟನ್ನು ಟಿಕೆಟ್‌ನಲ್ಲಿ ಬಿಟ್ಟುಕೊಡಬೇಕು, ಇಷ್ಟೇ.

ಟೀಕಾಕಾರರ ಮಾತಿಗೆ ಬಲ ಬರುವುದು ಇಲ್ಲಿಂದ. ತಲಾ ಲಾಭದೊಳಗೆ ತಿಂಡಿಯ ದುಡ್ಡು ಮಾತ್ರ ಇರುವುದಿಲ್ಲ. ತುಂಬಿದ ಗ್ಯಾಲರಿಯ ಗದ್ದಲ ಟಿವಿ ಪ್ರಸಾರದ ಮೌಲ್ಯ ಹೆಚ್ಚಿಸುತ್ತದೆ, ಪ್ರಾಯೋಜಕರಿಗೆ ಹಿಡಿಸುತ್ತದೆ, ಅಪ್ಪನ ಜೊತೆ ಬಂದ ಹುಡುಗ ನಾಳೆ ಸ್ಟಿಕ್ ಹಿಡಿಯುತ್ತಾನೆ. ಕ್ರೀಡಾ ಸಂಸ್ಥೆಗೆ ಇವೆಲ್ಲ ಆದಾಯವೇ, ಆದರೆ ಆ ದಿನದ ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಮಾಂಟ್ರಿಯಲ್‌ನ ಆಯೋಜಕರು ಈ ಮೊತ್ತವನ್ನು ಕಡಿಮೆ ಎಣಿಸಿದರು ಎಂಬುದು ನನ್ನ ಅಂದಾಜು.

ಟಿಕೆಟ್ ಮಾರಾಟವಾಗಿದೆ, ಕುರ್ಚಿ ಖಾಲಿ

ಇಂತಹ ಟೂರ್ನಿಗಳಲ್ಲಿ ಮೊದಲು ಮಾರುವುದು ಬಿಡಿ ಟಿಕೆಟ್ ಅಲ್ಲ, ಹಲವು ಪಂದ್ಯಗಳ ಕಟ್ಟು. ಐದೈದು ತಂಡಗಳ ಎರಡು ಗುಂಪುಗಳೆಂದರೆ ಲೀಗ್‌ನಲ್ಲಿ 20 ಪಂದ್ಯ. ಅದರಲ್ಲಿ ಕೆನಡಾ ಆಡುವುದು 4. ಉಳಿದ 16 ಪಂದ್ಯಗಳನ್ನು ಯಾರಿಗೆ ಮಾರುವುದು?

ಇಬ್ಬರು ಅಭಿಮಾನಿಗಳನ್ನು ತೆಗೆದುಕೊಳ್ಳಿ. ಮೊದಲನೆಯವನು ಕೆನಡಾ ಪಂದ್ಯಕ್ಕೆ 100, ಸ್ವಿಟ್ಜರ್ಲೆಂಡ್–ಡೆನ್ಮಾರ್ಕ್ ಪಂದ್ಯಕ್ಕೆ 10 ಡಾಲರ್ ಕೊಟ್ಟಾನು. ಎರಡನೆಯವಳು ನಿಜವಾದ ಆಟದ ಹುಚ್ಚಿನವಳು, ಮೊದಲನೆಯದಕ್ಕೆ 60, ಎರಡನೆಯದಕ್ಕೆ 40 ಕೊಟ್ಟಾಳು. ಬಿಡಿಯಾಗಿ ಮಾರಿದರೆ ಕೆನಡಾ ಪಂದ್ಯ 60ರಂತೆ ಇಬ್ಬರಿಗೂ ಮಾರಿ 120, ಇನ್ನೊಂದನ್ನು ಅವಳೊಬ್ಬಳಿಗೆ 40ಕ್ಕೆ ಮಾರಿ ಒಟ್ಟು 160. ಎರಡೂ ಸೇರಿದ ಕಟ್ಟಿಗೆ 100 ಎಂದರೆ ಇಬ್ಬರೂ ಕೊಳ್ಳುತ್ತಾರೆ, ಒಟ್ಟು 200. ಕಟ್ಟುವವನಿಗೆ 40 ಲಾಭ.

ಆದರೆ ಮೊದಲನೆಯವನು ಸ್ವಿಟ್ಜರ್ಲೆಂಡ್ ಪಂದ್ಯದ ದಿನ ಚಳಿಯಲ್ಲಿ ಮನೆಯಿಂದ ಹೊರಡುತ್ತಾನೆಯೇ? ಅವನ ಲೆಕ್ಕದಲ್ಲಿ ಅದು 10 ಡಾಲರ್‌ನ ಆಟ. ಕುರ್ಚಿ ಮಾರಾಟವಾಗಿದೆ, ಮನುಷ್ಯ ಇಲ್ಲ. ಪ್ರಕಟವಾಗುವ ಪ್ರೇಕ್ಷಕರ ಸಂಖ್ಯೆ ಉತ್ತರ ಅಮೆರಿಕದ ರೂಢಿಯಲ್ಲಿ ಅನೇಕ ವೇಳೆ ಮಾರಾಟವಾದ ಟಿಕೆಟ್‌ಗಳದು, ಗೇಟು ದಾಟಿದವರದಲ್ಲ. ಹಾಳೆಯ ಮೇಲೆ ಗ್ಯಾಲರಿ ಪರವಾಗಿಲ್ಲ, ಕ್ಯಾಮೆರಾದಲ್ಲಿ ಭಣಭಣ. ಇದರ ಮೇಲೆ ಬೇಡವಾದ ಟಿಕೆಟ್‌ಗಳನ್ನು ಮರುಮಾರಾಟಕ್ಕೆ ಇಟ್ಟವರು ಮುಖಬೆಲೆಗಿಂತ ಕಡಿಮೆ ಕೇಳತೊಡಗಿದರೆ ಮುಂದಿನ ಸಲ ಬುದ್ಧಿವಂತರು ಮೊದಲೇ ಕೊಳ್ಳುವುದಿಲ್ಲ, ಕಾಯುತ್ತಾರೆ. ನನ್ನ ಪ್ರಕಾರ ಬೆಲೆಗಿಂತ ದೊಡ್ಡ ತೊಡಕು ಈ ಕಟ್ಟೇ.

ಒಂದೇ ಬೆಲೆ ಏಕೆ?

ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಮ್ಮ ನಾಟಕ ಕಂಪನಿಗಳು ಈ ಗಣಿತವನ್ನು ಎಂದೋ ಬಗೆಹರಿಸಿವೆ. ಮುಂದೆ ಸೋಫಾ, ಹಿಂದೆ ಕುರ್ಚಿ, ಅದರಾಚೆ ಬೆಂಚು ಅಥವಾ ನೆಲ, ಒಂದೊಂದಕ್ಕೆ ಒಂದೊಂದು ದರ. ನಮ್ಮ ರೇಖೆಯಲ್ಲೇ 150, 100, 50ರ ಮೂರು ದರ್ಜೆಗಳನ್ನು ತಲಾ 5,000 ಆಸನಗಳಂತೆ ಮಾರಿದರೆ ಆದಾಯ 15 ಲಕ್ಷ, ತುಂಬಿದ ಕುರ್ಚಿ 15,000. ಒಂದೇ ಬೆಲೆಯಲ್ಲಿ 10 ಲಕ್ಷ, 10,000. ಜನವೂ ಹೆಚ್ಚು, ಹಣವೂ ಹೆಚ್ಚು. ಷರತ್ತು ಒಂದೇ: 150 ಕೊಡಬಲ್ಲವನು 50ರ ಜಾಗಕ್ಕೆ ನುಸುಳಬಾರದು, ದರ್ಜೆಗಳ ನಡುವಿನ ಅಂತರ ಅವನ ಕಣ್ಣಿಗೆ ಹೊಡೆಯುವಂತಿರಬೇಕು. ಪರೀಕ್ಷೆಯಲ್ಲಿ ಇದನ್ನು ಬೆಲೆ ತಾರತಮ್ಯದ ಅಡಿ ಬರೆಯಿರಿ. ಐಸ್ ಹಾಕಿ ಕ್ರೀಡಾಂಗಣಗಳಲ್ಲೂ ದರ್ಜೆಗಳಿವೆ. ಕೆಳಗಿನ ದರ್ಜೆ ಎಷ್ಟು ಅಗ್ಗ ಎಂಬುದೇ ಪ್ರಶ್ನೆ.

ರೇಖೆಯೇ ಸರಿದಾಗ

ಬೆಲೆ ಬದಲಾದರೆ ರೇಖೆಯ ಮೇಲೆ ಚಲನೆ, ಬೇರೆ ಕಾರಣವಾದರೆ ರೇಖೆಯೇ ಪಲ್ಲಟ. ಎರಡನೆಯದಕ್ಕೆ 2022ರ ಎಡ್ಮಂಟನ್ ಟೂರ್ನಿ ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ಆರಂಭವಾಗಿ ಕೋವಿಡ್‌ನಿಂದ ಕೆಲವೇ ದಿನಗಳಲ್ಲಿ ರದ್ದಾದ ಟೂರ್ನಿಯನ್ನು 2022ರ ಆಗಸ್ಟ್‌ನಲ್ಲಿ ಮತ್ತೆ ನಡೆಸಿದರು. ಬೇಸಿಗೆಯಲ್ಲಿ ಐಸ್ ಹಾಕಿ! ಅದೇ ಹೊತ್ತಿಗೆ ಲೈಂಗಿಕ ದೌರ್ಜನ್ಯದ ಆರೋಪವೊಂದನ್ನು ಹಣ ಕೊಟ್ಟು ಇತ್ಯರ್ಥ ಮಾಡಿದ ವಿಷಯ ಹೊರಬಂದು ಹಾಕಿ ಕೆನಡಾ ಸಂಸ್ಥೆಯಿಂದ ಪ್ರಾಯೋಜಕರು ದೂರ ಸರಿದಿದ್ದರು. ಗ್ಯಾಲರಿಗಳು ಬಹುಪಾಲು ಖಾಲಿ. ನಮ್ಮ ರೇಖೆಯಲ್ಲಿ ತಡೆ ಬೆಲೆ 200ರಿಂದ 100ಕ್ಕೆ ಕುಸಿದ ಮೇಲೆ ಹಳೆಯ 100 ಡಾಲರ್‌ಗೇ ಅಂಟಿಕೊಂಡರೆ ಸೊನ್ನೆ ಜನ. ಅಡ್ಡದಾರಿಯ ಪ್ರಕಾರ 50ಕ್ಕೆ ಇಳಿಸಿದರೂ ಹಳೆಯ ಆದಾಯ ಬರುವುದಿಲ್ಲ.

ಅದಾದ ಕೆಲವೇ ತಿಂಗಳಿಗೆ, ರಷ್ಯಾದಿಂದ ಕಿತ್ತುಕೊಂಡ 2023ರ ಟೂರ್ನಿ ಹ್ಯಾಲಿಫ್ಯಾಕ್ಸ್ ಮತ್ತು ಮಾಂಕ್ಟನ್‌ನಲ್ಲಿ ಕಿಕ್ಕಿರಿದು ನಡೆಯಿತು. ಕಾನರ್ ಬೆಡಾರ್ಡ್ ಎಂಬ ಹುಡುಗನ ಆಟ ಒಂದು ಕಾರಣ. ಇನ್ನೊಂದನ್ನು ಜನ ಗಮನಿಸುವುದಿಲ್ಲ: ಹ್ಯಾಲಿಫ್ಯಾಕ್ಸ್ ಕ್ರೀಡಾಂಗಣದ ಸಾಮರ್ಥ್ಯ ಸುಮಾರು 10,500, ಮಾಂಕ್ಟನ್‌ನದು ಇನ್ನೂ ಕಡಿಮೆ. ನಮ್ಮ ರೇಖೆಗೆ 10,000 ಆಸನಗಳ ಕ್ರೀಡಾಂಗಣ ಕೊಟ್ಟು ನೋಡಿ. ಬೆಲೆ ಅದೇ 100, ಆದಾಯ ಅದೇ 10 ಲಕ್ಷ, ಆದರೆ ಹೊರಗೆ ‘ಹೌಸ್‌ಫುಲ್’ ಫಲಕ.

ಉಚಿತ ಪ್ರವೇಶದ ಲೆಕ್ಕ

ನಮ್ಮ ದೇಶದ ಹಾಕಿಯಲ್ಲಿ ಇನ್ನೊಂದು ತುದಿ ಕಾಣುತ್ತದೆ. 2025ರಲ್ಲಿ ರಾಜಗೀರ್‌ನ ಏಷ್ಯಾ ಕಪ್‌ಗೂ ಚೆನ್ನೈ–ಮದುರೈಯ ಜೂನಿಯರ್ ವಿಶ್ವಕಪ್‌ಗೂ ಪ್ರವೇಶ ಉಚಿತವಾಗಿತ್ತು. ಬೆಲೆ ಸೊನ್ನೆಯಿಂದ ಆರಂಭವಾದರೆ ಶೇಕಡಾ ಬದಲಾವಣೆ ತೆಗೆಯಲು ಬರುವುದಿಲ್ಲ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಇಲ್ಲೂ ಕಂಸದ ಸೂತ್ರವೇ ಕಾಯುತ್ತದೆ: ನಮ್ಮ ರೇಖೆಯಲ್ಲಿ 0ಯಿಂದ 50ಕ್ಕೆ ಏರಿಸಿದರೆ 5,000 ÷ 17,500 ಅಂದರೆ ಶೇ 28.57, 50 ÷ 25 ಅಂದರೆ ಶೇ 200, ಉತ್ತರ 0.14.

ಉಚಿತ ಕೊಡುವುದು ಯಾವಾಗ ಸರಿ? ಅಡ್ಡದಾರಿಯನ್ನೇ ಕೇಳಿ. (ತಡೆ ಬೆಲೆ − ತಲಾ ಲಾಭ) ÷ 2 ಸೊನ್ನೆಯಾಗಬೇಕಾದರೆ ತಲಾ ಲಾಭ ತಡೆ ಬೆಲೆಯನ್ನು ಮುಟ್ಟಬೇಕು. ನಮ್ಮ ರೇಖೆಯ ಕೆನಡಾದಲ್ಲಿ ಅದು 200 ಡಾಲರ್, ಅಸಾಧ್ಯ. 100 ರೂಪಾಯಿ ಎಂದರೆ ಯಾರೂ ಬಾರದ ಊರಿನಲ್ಲಿ ಸರ್ಕಾರದ ಅನುದಾನ, ಪ್ರಾಯೋಜಕರ ಫಲಕ, ಟಿವಿಯಲ್ಲಿ ಕಾಣುವ ಜನಸಂದಣಿ ಸೇರಿ ಒಬ್ಬ ಪ್ರೇಕ್ಷಕನ ಬೆಲೆ 100 ರೂಪಾಯಿ ದಾಟಿದರೆ ಸಾಕು, ಗೇಟು ತೆರೆದಿಡುವುದೇ ಲಾಭ. ಬಂದವನಿಗೆ ಕೈಯಿಂದ ಚಹಾ ಕುಡಿಸಿದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಸೂತ್ರದಲ್ಲಿ ಬೆಲೆ ಆಗ ಋಣಾತ್ಮಕ.