ಲಂಡನ್‌ಗೆ ಹೋಗುವಾಗ 11 ತಾಸು, ಬರುವಾಗ 10 ತಾಸು: ಯಾಕೆ ಹೀಗೆ?

ಪ್ರಶ್ನೆ: ಮಗ ಲಂಡನ್‌ನಲ್ಲಿದ್ದಾನೆ. ಬೆಂಗಳೂರಿಂದ ಅಲ್ಲಿಗೆ ಎಷ್ಟು ದೂರ? ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಮ್ಮಿ ಹೊತ್ತು. ಭೂಮಿ ತಿರುಗುವುದರಿಂದ ಹೀಗಾಗುತ್ತದಂತೆ, ಹೌದಾ? (ಶಿರಸಿಯ ಓದುಗರೊಬ್ಬರು)

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಶಿರಸಿಯಿಂದಲೋ ಕುಮಟಾದಿಂದಲೋ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬೇರುಸಮೇತ ಕಿತ್ತುಬಿಡೋಣ.

ಮೊದಲು ದೂರ. ಸುಮಾರು 8,000 ಕಿ.ಮೀ. ಹೋಗಲು 11 ತಾಸಿನ ಹತ್ತಿರ, ಬರಲು 10ರ ಆಸುಪಾಸು. ಟಿಕೆಟ್ ನೋಡಿ ಕಳೆಯುವ ಲೆಕ್ಕ ಮಾಡಬೇಡಿ. ಅದರಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತದೆ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ತಾಸು ಹಿಂದೆ, ಅಲ್ಲಿಯ ಬೇಸಿಗೆಯಲ್ಲಿ ನಾಲ್ಕೂವರೆ.

ಈಗ ಆ ನಂಬಿಕೆ. ವಿಮಾನ ಮೇಲಿದ್ದಾಗ ಕೆಳಗೆ ನೆಲ ಪೂರ್ವಕ್ಕೆ ಜಾರುತ್ತದೆ ಅನ್ನುತ್ತಾರೆ. ಸರಿ, ಹಾಗೇ ಇಟ್ಟುಕೊಳ್ಳಿ. ಭೂಮಿಯ ಜೊತೆ ಕಾರವಾರವೂ ತಾಸಿಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ವಿಮಾನದ ವೇಗ 900ರ ಹತ್ತಿರ. ಹಾಗಾದರೆ ಗೋವಾದಲ್ಲಿ ವಿಮಾನ ಹತ್ತಿದವರು ಬೆಂಗಳೂರಿಗೆ ಯಾವತ್ತೂ ತಲುಪುತ್ತಿರಲಿಲ್ಲ. ಬೆಂಗಳೂರೇ ಅವರಿಗಿಂತ ಜೋರಾಗಿ ಮುಂದೆ ಹೋಗುತ್ತಿತ್ತು! ಕಾರವಾರದಲ್ಲಿ ಮೇಲೇರಿ ಒಂದು ತಾಸು ಸುಮ್ನೆ ನಿಂತ ಹೆಲಿಕಾಪ್ಟರ್ ಇಳಿಯುವಾಗ ಅರಬ್ಬಿ ಸಮುದ್ರದ ಮಧ್ಯೆ ಇರಬೇಕಿತ್ತು. ಇನ್ನೂ ಒಂದು ವಿಷಯವಿದೆ. ನೆಲ ಪೂರ್ವಕ್ಕೆ ಜಾರುವುದೇ ನಿಜವಾದರೆ ಪಶ್ಚಿಮಕ್ಕಿರುವ ಲಂಡನ್ನೇ ಬೇಗ ಸಿಗಬೇಕು. ಆಗುತ್ತಿರುವುದು ಉಲ್ಟಾ ಅಲ್ವಾ?

ಕೊಂಕಣ ರೈಲಿನಲ್ಲಿ ಅಂಕೋಲಾ ದಾಟುವಾಗ ಒಂದು ನಿಂಬೆಹಣ್ಣು ಮೇಲೆ ಎಸೆದು ನೋಡಿ. ಅದು ಹಿಂದೆ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ರೈಲಿನ ವೇಗ ಅದಕ್ಕೂ ಇದೆ, ಬೋಗಿಯೊಳಗಿನ ಗಾಳಿಗೂ ಇದೆ. ವಿಮಾನಕ್ಕೂ ಅದರ ಸುತ್ತಲಿನ ಗಾಳಿಗೂ ಭೂಮಿಯ ವೇಗ ಇರುವುದು ಹೀಗೇ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಹೊಳೆ. ಚಳಿಗಾಲದಲ್ಲಿ ಕೆಲವೊಮ್ಮೆ ತಾಸಿಗೆ 200 ಕಿ.ಮೀ. ದಾಟುತ್ತದೆ. ಬರುವಾಗ ಅದು ಬೆನ್ನಿಗೆ, ಹೋಗುವಾಗ ಎದುರಿಗೆ. ಭೂಮಧ್ಯರೇಖೆಯ ಕಡೆಯ ಬಿಸಿಗೂ ಧ್ರುವದ ಕಡೆಯ ಚಳಿಗೂ ಇರುವ ಅಂತರದಿಂದ ಇದು ಹುಟ್ಟುತ್ತದೆ. ಅದನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ ಭೂಮಿಯ ತಿರುಗುವಿಕೆಗೂ ಪಾಲಿದೆ. ಆದರೆ ವಿಮಾನವನ್ನು ತಳ್ಳುವುದು ಗಾಳಿಯೇ, ಜಾರುವ ನೆಲ ಅಲ್ಲ.

ಹಾಗಾದರೆ ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಗೋಡೆಯ ನಕ್ಷೆ ನೋಡಿದರೆ ಪೆಸಿಫಿಕ್ ಸಾಗರ ಅಡ್ಡ ದಾಟಬೇಕು ಅನ್ನಿಸುತ್ತದೆ. ಗ್ಲೋಬ್ ಮೇಲೆ ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಎಳೆಯಿರಿ, ಅದು ತಾನಾಗಿ ಉತ್ತರ ಧ್ರುವದ ಹತ್ತಿರಕ್ಕೆ ಸರಿಯುತ್ತದೆ. ಆ ಹಾದಿ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಧ್ರುವದ ಮೇಲಿನ ಹಾದಿಯಲ್ಲೇ.