ಗಾಳಿ ವಿದ್ಯುತ್ತಿಗೆ ಹೊಸ ಲೈನು: 240 + 240 + 240 ಏಕೆ 720 ಆಗುವುದಿಲ್ಲ

ಗಾಳಿ ಚೆನ್ನಾಗಿ ಬೀಸುವ ಜಾಗಗಳು ಹೆಚ್ಚಾಗಿ ದೊಡ್ಡ ಊರುಗಳಿಂದ ದೂರವೇ ಇರುತ್ತವೆ. ಅಲ್ಲಿನ ಹಳೆಯ ಲೈನುಗಳು ಒಂದಿಷ್ಟು ಹಳ್ಳಿಗಳಿಗೆ ಕರೆಂಟು ತಲುಪಿಸಲು ಹಾಕಿದವು. ಈಗ ಅದೇ ತಂತಿಗಳಲ್ಲಿ ನೂರಾರು ಮೆಗಾವ್ಯಾಟ್ ಎದುರು ದಿಕ್ಕಿಗೆ ಹರಿಯಬೇಕು. ಹೊಸ ಲೈನು ಎಷ್ಟು ಬೇಕೆಂದು ನೋಡುವಾಗ ಕಲಿಯುವವರು ಮೊದಲು ಎಡವುವುದು ಲೈನುಗಳ ಸಾಮರ್ಥ್ಯವನ್ನು ಸುಮ್ಮನೆ ಕೂಡಿಸುವಲ್ಲಿ. ಒಂದೇ ಸಣ್ಣ ಲೆಕ್ಕ ಹಿಡಿದು ಮುಂದೆ ಹೋಗೋಣ.

ಎರಡು ದಾರಿಯ ಲೆಕ್ಕ

ಗಾಳಿ ಪ್ರದೇಶದ ಸಬ್‌ಸ್ಟೇಷನ್ನಿಂದ ಮುಖ್ಯ ಗ್ರಿಡ್ಡಿಗೆ ಎರಡು 220 ಕೆವಿ ಲೈನುಗಳಿವೆ. 'ಅ' 50 ಕಿ.ಮೀ., 'ಆ' ಸುತ್ತಿಕೊಂಡು 100 ಕಿ.ಮೀ. ಕಿಲೋಮೀಟರಿಗೆ ಸುಮಾರು 0.4 ಓಮ್ ರಿಯಾಕ್ಟೆನ್ಸ್ (ಎಸಿ ಕರೆಂಟಿನ ಏರಿಳಿತಕ್ಕೆ ಲೈನು ಒಡ್ಡುವ ತಡೆ) ಹಿಡಿದರೆ ಅ = 20 ಓಮ್, ಆ = 40 ಓಮ್. ಬಿಸಿ ತಾಳುವ ಮಿತಿ ಎರಡಕ್ಕೂ 240 ಮೆಗಾವ್ಯಾಟ್ ಎಂದಿಟ್ಟುಕೊಳ್ಳಿ. ನಷ್ಟವನ್ನು ಸದ್ಯಕ್ಕೆ ಬಿಡೋಣ.

ವಿದ್ಯುತ್ತು ಖಾಲಿ ಇರುವ ಲೈನು ಹುಡುಕಿಕೊಂಡು ಹೋಗುವುದಿಲ್ಲ. ರಿಯಾಕ್ಟೆನ್ಸ್ ಕಡಿಮೆ ಇರುವ ಕಡೆ ಹೆಚ್ಚು ಹರಿಯುತ್ತದೆ, ಅಷ್ಟೇ. ಇಲ್ಲಿ ಮೂರರಲ್ಲಿ ಎರಡು ಪಾಲು 'ಅ' ಮೇಲೆ, ಒಂದು ಪಾಲು 'ಆ' ಮೇಲೆ. ಒಟ್ಟು 360 ಆಗುವಷ್ಟರಲ್ಲಿ 'ಅ' 240 ಮುಟ್ಟಿ ತುಂಬಿರುತ್ತದೆ. 'ಆ' ಮೇಲೆ 120 ಜಾಗ ಉಳಿದಿದ್ದರೂ ಬಳಸಲಾಗದು.

ಇನ್ನೂ ಮುಗಿದಿಲ್ಲ. ಯಾವುದೇ ಒಂದು ಲೈನು ಟ್ರಿಪ್ ಆದರೂ ಉಳಿದವು ಭಾರ ತಾಳಬೇಕು ಎನ್ನುವುದು 'ಎನ್-1' ನಿಯಮ. ತಾಳದಿದ್ದರೆ ತಂತಿ ಕಾದು ಜೋಲುತ್ತದೆ, ಮರಕ್ಕೆ ತಗುಲುತ್ತದೆ, ಎರಡನೆಯದೂ ಟ್ರಿಪ್ ಆಗುತ್ತದೆ. ಹಾಗಾಗಿ ಇಲ್ಲಿ ಸುರಕ್ಷಿತವಾಗಿ ಕಳಿಸಬಹುದಾದದ್ದು ಬರೀ 240. ಕಾಗದದ ಮೇಲೆ 480, ಎಲ್ಲ ಸರಿಯಿದ್ದಾಗ 360, ನಿಜಕ್ಕೂ ನಂಬಬಹುದಾದದ್ದು 240.

ಮೂರನೆಯ ಲೈನು ಬಂದಾಗ

'ಇ' ಎಂಬ ಹೊಸ ಲೈನು ಹಾಕಿದೆವು: 100 ಕಿ.ಮೀ., 40 ಓಮ್, ಮಿತಿ ಅದೇ 240. ಈಗ ಪಾಲು 50, 25, 25 ಶೇಕಡಾ. 'ಅ' ಹೋದರೆ 'ಆ', 'ಇ' ಸಮಪಾಲು ಹೊತ್ತು 480 ದಾಟಿಸುತ್ತವೆ. ಆದರೆ 'ಆ' ಹೋದರೆ? ಮತ್ತೆ ಮೂರರಲ್ಲಿ ಎರಡು ಪಾಲು 'ಅ' ಮೇಲೆ ಬೀಳುತ್ತದೆ, ಮಿತಿ 360. ಅಂದರೆ 240ರ ಲೈನು ಹಾಕಿ ಗಳಿಸಿದ್ದು 120 ಮಾತ್ರ. 'ಅ' ಪಕ್ಕದಲ್ಲೇ ಇನ್ನೊಂದು 50 ಕಿ.ಮೀ. ಲೈನು ಎಳೆದಿದ್ದರೂ ಉತ್ತರ 360 ಆಗುತ್ತಿತ್ತು. ಪೆನ್ನು ಹಿಡಿದು ಒಮ್ಮೆ ಮಾಡಿ ನೋಡಿ, ಮನಸ್ಸಿನಲ್ಲಿ ನಿಲ್ಲುತ್ತದೆ.

ಇಲ್ಲಿ ನನಗೆ ತುಂಬ ಚೆಂದ ಕಾಣುವ ಉಪಾಯವೊಂದಿದೆ. 'ಅ' ಲೈನಿಗೆ ಸರಣಿಯಲ್ಲಿ 20 ಓಮ್ ರಿಯಾಕ್ಟರ್ (ತಂತಿಯ ದೊಡ್ಡ ಸುರುಳಿ) ಸೇರಿಸಿ. ಮೂರೂ 40 ಓಮ್ ಆದವು. ಯಾವುದೇ ಒಂದು ಹೋದರೂ ಉಳಿದೆರಡು ಸಮಪಾಲು, ಮಿತಿ 480. ದಾರಿಗೆ ಅಡ್ಡ ಇಟ್ಟು ಸಾಗಣೆ ಹೆಚ್ಚಿಸಿದ ಹಾಗಾಯಿತು! ಬೆಲೆ ತೆರಬೇಕು: 'ಅ' 240 ಮೆಗಾವ್ಯಾಟ್ ಹೊತ್ತಾಗ ಸುಮಾರು 630 ಆಂಪಿಯರ್ ಹರಿದು ಆ ರಿಯಾಕ್ಟರ್ ಒಂದೇ ಸುಮಾರು 24 ಮೆಗಾವಾರ್ ರಿಯಾಕ್ಟಿವ್ ಪವರ್ (ಕೆಲಸ ಮಾಡದಿದ್ದರೂ ವೋಲ್ಟೇಜ್ ನಿಲ್ಲಿಸಲು ಬೇಕಾದದ್ದು) ನುಂಗುತ್ತದೆ. ಅದನ್ನು ಕೆಪಾಸಿಟರ್ ಬ್ಯಾಂಕಿನಿಂದಲೋ ಎಲೆಕ್ಟ್ರಾನಿಕ್ ಸಾಧನವಾದ ಸ್ಟಾಟ್‌ಕಾಮ್‌ನಿಂದಲೋ ತುಂಬದಿದ್ದರೆ ವೋಲ್ಟೇಜ್ ಇಳಿಯುತ್ತದೆ.

ಇನ್ನೊಂದು ದಾರಿ ಇದರ ತದ್ವಿರುದ್ಧ. 'ಆ', 'ಇ' ಎರಡಕ್ಕೂ ರಿಯಾಕ್ಟೆನ್ಸಿನ 50 ಶೇಕಡಾ ಕಳೆಯುವ ಸೀರೀಸ್ ಕೆಪಾಸಿಟರ್ ಹಾಕಿ ಮೂರನ್ನೂ 20 ಓಮ್‌ಗೆ ಇಳಿಸುವುದು. ಮಿತಿ ಅದೇ 480.

ಯಾವುದು ಒಳ್ಳೆಯದು?

ಇದರ ಉತ್ತರ ಇರುವುದು ಗ್ರಿಡ್ಡಿನ ಗಟ್ಟಿತನದಲ್ಲಿ. ಗಾಳಿ ಯಂತ್ರದ ಕನ್ವರ್ಟರ್ (ಅದರ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದಿಸುವ ಎಲೆಕ್ಟ್ರಾನಿಕ್ ಸಾಧನ) ಗ್ರಿಡ್ ವೋಲ್ಟೇಜನ್ನು ಹಿಂಬಾಲಿಸಿ ನಡೆಯುತ್ತದೆ. ಆ ವೋಲ್ಟೇಜೇ ಅಲುಗಿದರೆ ಹಿಡಿತ ತಪ್ಪುತ್ತದೆ. ಅಳತೆ ಸರಳ: ಸೇರುವ ಜಾಗದ ಶಾರ್ಟ್ ಸರ್ಕ್ಯೂಟ್ ಎಂವಿಎಯನ್ನು (ಅಲ್ಲಿ ಶಾರ್ಟ್ ಆದರೆ ಗ್ರಿಡ್ ಎಷ್ಟು ಹರಿಸಬಲ್ಲದು ಎಂಬ ಅಳತೆ) ಗಾಳಿ ಸ್ಥಾವರದ ಮೆಗಾವ್ಯಾಟಿನಿಂದ ಭಾಗಿಸಿ. 3ಕ್ಕಿಂತ ಕಡಿಮೆ ಬಂದರೆ ದುರ್ಬಲ ಗ್ರಿಡ್ ಎನ್ನುವುದು ರೂಢಿ.

ಮುಖ್ಯ ಗ್ರಿಡ್ಡಿನ ಒಳ ರಿಯಾಕ್ಟೆನ್ಸ್ 20 ಓಮ್ ಇರಲಿ, ಗಾಳಿ 480 ಮೆಗಾವ್ಯಾಟ್. ರಿಯಾಕ್ಟರ್ ದಾರಿಯಲ್ಲಿ ಮೂರು ಲೈನು ಸೇರಿ 13.3, ಗ್ರಿಡ್ಡಿನ 20 ಕೂಡಿ ಒಟ್ಟು 33.3 ಓಮ್, 220ರ ವರ್ಗವನ್ನು ಅದರಿಂದ ಭಾಗಿಸಿದರೆ 1452 ಎಂವಿಎ, ಅನುಪಾತ 3.0. ಒಂದು ಲೈನು ಹೋದರೆ 2.5. ಕೆಪಾಸಿಟರ್ ದಾರಿಯಲ್ಲಿ 3.8, ಲೈನು ಹೋದ ಮೇಲೂ 3.4. ಬಿಸಿಯ ಲೆಕ್ಕದಲ್ಲಿ ಎರಡೂ ಸಮ, ಗಟ್ಟಿತನದಲ್ಲಿ ಕೆಪಾಸಿಟರ್ ಮೇಲು. ರಿಯಾಕ್ಟರನ್ನೇ ಆರಿಸಿದರೆ ಗಟ್ಟಿತನ ಕೊಡುವ ಸಿಂಕ್ರೊನಸ್ ಕಂಡೆನ್ಸರನ್ನೂ (ಹೊರೆಯಿಲ್ಲದೆ ತಿರುಗುವ ದೊಡ್ಡ ಯಂತ್ರ) ಅಂದಾಜಿನಲ್ಲಿ ಸೇರಿಸಿಕೊಳ್ಳಿ.

ಕೆಪಾಸಿಟರಿಗೂ ತನ್ನದೇ ಕಾಟವಿದೆ. ಅದು ಲೈನಿನ ಇಂಡಕ್ಟೆನ್ಸ್ ಜೊತೆ ಸೇರಿ ಗ್ರಿಡ್ ಆವರ್ತನಕ್ಕಿಂತ ಕೆಳಗೆ ಅನುರಣಿಸುತ್ತದೆ. ಅನೇಕ ಗಾಳಿ ಯಂತ್ರಗಳಲ್ಲಿರುವ ಡಬ್ಲಿ ಫೆಡ್ ಜನರೇಟರಿನ ನಿಯಂತ್ರಕ ಆ ಆವರ್ತನದಲ್ಲಿ ಋಣ ರೋಧದಂತೆ (ಶಕ್ತಿ ಹೀರುವ ಬದಲು ಸೇರಿಸುವಂತೆ) ವರ್ತಿಸಿದರೆ ಓಲಾಟ ಅಡಗುವ ಬದಲು ಬೆಳೆಯುತ್ತದೆ. 2009ರಲ್ಲಿ ದಕ್ಷಿಣ ಟೆಕ್ಸಾಸ್‌ನಲ್ಲಿ ಆದದ್ದು ಇದೇ. ಒಂದು ಲೈನು ಟ್ರಿಪ್ ಆಗಿ ಗಾಳಿ ಸ್ಥಾವರಗಳು ಸೀರೀಸ್ ಕೆಪಾಸಿಟರ್ ಇದ್ದ ಇನ್ನೊಂದು ಲೈನಿಗೆ ಮಾತ್ರ ನೇತುಬಿದ್ದವು. ಓಲಾಟ ಏರಿ ಯಂತ್ರಗಳನ್ನು ಅತಿ ಕರೆಂಟಿನಿಂದ ಕಾಯುವ ಕ್ರೋಬಾರ್ ಸರ್ಕ್ಯೂಟುಗಳು ಹಾಳಾದವು. ಹಾಗಾಗಿ ಎಲ್ಲ ಲೈನು ಇರುವಾಗಿನ ಅಧ್ಯಯನ ಸಾಲದು. ಯಾವ ಲೈನುಗಳು ಹೋದರೆ ಸ್ಥಾವರ ಕೆಪಾಸಿಟರ್ ಜೊತೆ ಒಂಟಿಯಾಗುತ್ತದೆ ಎಂದು ಒಂದೊಂದಾಗಿ ತೆಗೆದು ನೋಡಬೇಕು.

ಲೈನು ಹಾಕುವ ಮೊದಲು

ತಂತಿಯ ಮಿತಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 0.6 ಮೀಟರಿನಂಥ ಮಂದ ಗಾಳಿ ಹಿಡಿದು ಕಟ್ಟುತ್ತಾರೆ. ಆದರೆ ಯಂತ್ರಗಳು ಹೆಚ್ಚು ಉತ್ಪಾದಿಸುವುದು ಗಾಳಿ ಜೋರಾದಾಗ, ಅದೇ ಗಾಳಿ ತಂತಿಯನ್ನೂ ತಂಪಾಗಿಸುತ್ತದೆ. ಹವೆ ಅಳೆದು ಮಿತಿಯನ್ನು ಆಗಾಗ ಬದಲಿಸುವ ಪದ್ಧತಿ ಇದರಿಂದ ಹುಟ್ಟಿತು. ಎಚ್ಚರವಿರಬೇಕಾದದ್ದು ಎರಡು ಕಡೆ. ಬೆಟ್ಟದ ಮೇಲೆ ಗಾಳಿಯಿದ್ದರೂ ಕಣಿವೆ ದಾಟುವ ತಂತಿಗೆ ತಾಗದಿರಬಹುದು, ಲೈನಿನ ಮಿತಿ ಅತಿ ಬಿಸಿಯಾದ ಆ ಒಂದು ಸ್ಪ್ಯಾನಿನದೇ (ಎರಡು ಕಂಬಗಳ ನಡುವಿನ ತಂತಿಯದೇ). ಇನ್ನು ತಂತಿ ತಣ್ಣಗಿದ್ದರೂ ಸಬ್‌ಸ್ಟೇಷನ್ನಿನ ಕರೆಂಟ್ ಟ್ರಾನ್ಸ್‌ಫಾರ್ಮರ್, ಐಸೊಲೇಟರ್, ರಿಲೇ ಸೆಟ್ಟಿಂಗ್ ಹಳೆಯ ಮಿತಿಯಲ್ಲೇ ಉಳಿದಿದ್ದರೆ ಏನೂ ಗಳಿಸಿದಂತಾಗದು.

ಸಮಯದ ತೊಡಕು ಬೇರೆ. ಗಾಳಿ ಸ್ಥಾವರ ಎರಡು ಮೂರು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ದೊಡ್ಡ ಲೈನಿಗೆ ಭೂಮಿ, ಅನುಮತಿ ಎಲ್ಲ ಸೇರಿ ಹತ್ತು ವರ್ಷ ಹಿಡಿದರೂ ಅಚ್ಚರಿಯಿಲ್ಲ. ಸ್ಥಾವರ ಬರಲಿ ಎಂದು ಲೈನು, ಲೈನು ಬರಲಿ ಎಂದು ಸ್ಥಾವರ ಕಾಯುತ್ತ ಕೂರುತ್ತವೆ. ಟೆಕ್ಸಾಸ್ ಇದನ್ನು 2005ರ ಕಾನೂನಿನಿಂದ ಬಿಡಿಸಿತು: ಗಾಳಿ ವಲಯಗಳನ್ನು ಮೊದಲೇ ಗುರುತಿಸಿ, ಸ್ಥಾವರಗಳು ಬರುವ ಮುನ್ನವೇ 345 ಕೆವಿ ಲೈನುಗಳನ್ನು ಯೋಜಿಸಿತು. ಸುಮಾರು 5800 ಕಿ.ಮೀ. ಲೈನು, 18,500 ಮೆಗಾವ್ಯಾಟ್ ಗಾಳಿಗೆ ಜಾಗ, ಖರ್ಚು ಸುಮಾರು 700 ಕೋಟಿ ಡಾಲರ್. 2014ರ ಹೊತ್ತಿಗೆ ಕೆಲಸ ಮುಗಿಯಿತು.